ಸುನೀತಾ ಸಿಕ್ಕಿಬಿದ್ದಿದ್ದರಾ? ಒಂಬತ್ತು ತಿಂಗಳ ಗದ್ದಲದ ಹಿಂದಿನ ಲೆಕ್ಕ

2024ರ ಡಿಸೆಂಬರ್‌ನಲ್ಲಿ ನಾಸಾ ಒಂದು ಫೋಟೊ ಹಾಕಿತು. ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳಾದ ಸುನೀತಾ ವಿಲಿಯಮ್ಸ್ ಮತ್ತು ಡಾನ್ ಪೆಟಿಟ್ ಸಾಂಟಾ ಟೋಪಿ ಹಾಕಿಕೊಂಡು ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಮಾತಾಡುತ್ತಿದ್ದಾರೆ. ಬುಚ್ ವಿಲ್ಮೋರ್ ಜತೆ ಸ್ಟಾರ್‌ಲೈನರ್ ಎನ್ನುವ ಹೊಸ ನೌಕೆಯಲ್ಲಿ ಎಂಟು ದಿನಕ್ಕೆ ಅಂತ ಹೋಗಿ, ನೌಕೆಯ ತೊಂದರೆಯಿಂದ ಒಂಬತ್ತು ತಿಂಗಳು ಅಲ್ಲೇ ಉಳಿದ ಸುನೀತಾ ಇವರೇ. ಹಬ್ಬದ ಫೋಟೊ, ಅಷ್ಟೇ. ಆದರೆ ಜನ ಅದನ್ನು ಪತ್ತೇದಾರರ ಕಣ್ಣಲ್ಲಿ ನೋಡಿದರು. ಜೂನ್‌ನಲ್ಲಿ ಎಂಟು ದಿನಕ್ಕೆ ಅಂತ ಹೋದವರ ಹತ್ತಿರ ಕ್ರಿಸ್‌ಮಸ್ ಟೋಪಿ ಎಲ್ಲಿಂದ ಬಂತು? ಇಷ್ಟು ದಿನ ಇರಬೇಕು ಅಂತ ಮೊದಲೇ ಗೊತ್ತಿತ್ತಾ? ಇದೆಲ್ಲ ಸ್ಟುಡಿಯೊದಲ್ಲಿ ತೆಗೆದದ್ದಾ?

ಉತ್ತರ ತೀರಾ ಸಪ್ಪೆ. ನವೆಂಬರ್‌ನಲ್ಲಿ ಇಲಾನ್ ಮಸ್ಕ್ ಅವರ ಕಂಪನಿ ಸ್ಪೇಸ್‌ಎಕ್ಸ್‌ನ ಸರಕು ನೌಕೆಯೊಂದು ನಿಲ್ದಾಣಕ್ಕೆ ಹೋಗಿತ್ತು. ಊಟ, ಪ್ರಯೋಗದ ಸಾಮಾನಿನ ಜತೆ ಹಬ್ಬದ ಟೋಪಿ, ಅಲಂಕಾರ, ಉಡುಗೊರೆಗಳೂ ಅದರಲ್ಲಿದ್ದವು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಇಂಥ ನೌಕೆಗಳು ವರ್ಷವಿಡೀ ಹೋಗುತ್ತಲೇ ಇರುತ್ತವೆ.

ತಮಾಷೆ ಅಂದರೆ, ಬಟ್ಟೆಬರೆಯ ವಿಷಯದಲ್ಲಿ ನಿಜವಾದ ಕಥೆಯೊಂದು ಇತ್ತು. ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧ ಮಾಡಿ ಕುಡಿಯುವ ನೀರಾಗಿಸುವ ಯಂತ್ರ ಇದೆ. ಸ್ಟಾರ್‌ಲೈನರ್ ಹೊರಡುವ ಸ್ವಲ್ಪ ಮೊದಲು ಆ ಯಂತ್ರದ ಪಂಪು ಕೆಟ್ಟಿತು. ಸುಮಾರು 70 ಕೆ.ಜಿ.ಯ ಬದಲಿ ಪಂಪನ್ನು ತುರ್ತಾಗಿ ಕಳಿಸಬೇಕಾಯಿತು. ಜಾಗಕ್ಕಾಗಿ ಸುನೀತಾ ಮತ್ತು ಬುಚ್ ವಿಲ್ಮೋರ್ ಇಬ್ಬರ ಬಟ್ಟೆಯ ಸೂಟ್‌ಕೇಸುಗಳನ್ನು ಇಳಿಸಿದರು. ಹೋಗಿದ್ದು ಎಂಟು ದಿನಕ್ಕೆ ಅಲ್ವಾ, ನಿಲ್ದಾಣದಲ್ಲಿ ಇಟ್ಟಿರುವ ಹೆಚ್ಚುವರಿ ಬಟ್ಟೆ ಸಾಕು ಅಂದುಕೊಂಡರು. ಅವರದೇ ಬಟ್ಟೆ ಆಗಸ್ಟ್‌ನಲ್ಲಿ ಇನ್ನೊಂದು ಸರಕು ನೌಕೆಯಲ್ಲಿ ಬಂತು. ಟೋಪಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವರಲ್ಲಿ ಈ ಸೂಟ್‌ಕೇಸಿನ ಬಗ್ಗೆ ಕೇಳಿದವರು ಕಡಿಮೆ.

ಇಡೀ ಪ್ರಕರಣವೇ ಹೀಗೆ ನಡೆಯಿತು. ಜನ ಜೋರಾಗಿ ಕೇಳಿದ ಪ್ರಶ್ನೆಗಳು ಒಂದು ಕಡೆ, ನಿಜವಾದ ಅಪಾಯ ಇನ್ನೊಂದು ಕಡೆ. ನಾವೆಲ್ಲ ದಿನ ಎಣಿಸುತ್ತಾ ಕೂತೆವು. ದೊಡ್ಡ ಅಪಾಯ ಇದ್ದದ್ದು ಕೆಲವೇ ಗಂಟೆಗಳಲ್ಲಿ, ಅದೂ ಮೊದಲ ಎರಡು ದಿನದಲ್ಲೇ.

2024ರ ಜೂನ್ 5ರಂದು ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ಮೊದಲ ಸಲ ಮನುಷ್ಯರನ್ನು ಹೊತ್ತು ಹೊರಟಿತು. ಅದು ಪರೀಕ್ಷಾ ಹಾರಾಟ. ಇಬ್ಬರೂ ಅಮೆರಿಕದ ನೌಕಾಪಡೆಯಲ್ಲಿ ಪೈಲಟ್‌ಗಳಾಗಿದ್ದವರು, ಹೊಸ ವಿಮಾನಗಳನ್ನು ಪರೀಕ್ಷಿಸಿದ ಅನುಭವದವರು. ಈ ನೌಕೆಯ ಚರಿತ್ರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. 2019ರಲ್ಲಿ ಯಾರೂ ಇಲ್ಲದೆ ಹೋದಾಗ ನಿಲ್ದಾಣವನ್ನೇ ಮುಟ್ಟಲಿಲ್ಲ. 2022ರಲ್ಲಿ ಎರಡನೇ ಸಲ ಹೋಗಿ ಬಂತು. 2024ರಲ್ಲೂ ಹೊರಡುವ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿತ್ತು.

ಜೂನ್ 6ರಂದು ನಿಲ್ದಾಣದ ಹತ್ತಿರ ಬಂದಾಗ ತೊಂದರೆ ಶುರುವಾಯಿತು. ನೌಕೆಯ ಹಿಂದೆ ಸರ್ವೀಸ್ ಮಾಡ್ಯೂಲ್ ಅನ್ನುವ ಭಾಗ ಇರುತ್ತದೆ. ಅದರ ಸುತ್ತ 28 ಥ್ರಸ್ಟರ್‌ಗಳು, ಅಂದರೆ ಪುಟ್ಟ ಎಂಜಿನ್‌ಗಳು. ನೌಕೆಯ ಮುಖ ಯಾವ ಕಡೆ ಇರಬೇಕು, ಎಷ್ಟು ಮುಂದೆ ಸರಿಯಬೇಕು, ಎಷ್ಟು ಪಕ್ಕಕ್ಕೆ ಹೊರಳಬೇಕು, ಎಲ್ಲ ಇವುಗಳ ಕೆಲಸ. ಇವುಗಳಲ್ಲಿ ಐದು ಒಂದರ ಹಿಂದೆ ಒಂದು ಕೈಕೊಟ್ಟವು. ಇಂಧನವನ್ನು ಒತ್ತಿ ತಳ್ಳುವ ಹೀಲಿಯಂ ಕೂಡ ಸೋರುತ್ತಿತ್ತು. ವಿಲ್ಮೋರ್ ನೌಕೆಯನ್ನು ಕೈಯಲ್ಲೇ ನಡೆಸುತ್ತಿದ್ದರು. ಒಂದು ಹಂತದಲ್ಲಿ ಎಲ್ಲ ದಿಕ್ಕಿಗೂ ನೌಕೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿಯೇ ಹೋಯಿತು. ಆ ಸ್ಥಿತಿಯಲ್ಲಿ ಭೂಮಿಗೆ ಮರಳಲು ಆಗುತ್ತಿತ್ತೋ ಇಲ್ಲವೋ ಅನ್ನುವುದೇ ತನಗೆ ಖಚಿತವಿರಲಿಲ್ಲ ಎಂದು ಅವರು ವಾಪಸಾದ ಮೇಲೆ ಹೇಳಿದರು. ಹೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿದ್ದವರು ಕೆಟ್ಟ ಥ್ರಸ್ಟರ್‌ಗಳನ್ನು ಕಂಪ್ಯೂಟರಿನಿಂದ ಮತ್ತೆ ಚಾಲೂ ಮಾಡಿದರು. ನಾಲ್ಕು ಎದ್ದವು. ಅಂದುಕೊಂಡಿದ್ದಕ್ಕಿಂತ ಒಂದು ಗಂಟೆಗೂ ಜಾಸ್ತಿ ತಡವಾಗಿ ನೌಕೆ ನಿಲ್ದಾಣಕ್ಕೆ ಸೇರಿಕೊಂಡಿತು.

ಅವತ್ತು ಜಗತ್ತು ನೋಡಿದ್ದೇನು? ಸುನೀತಾ ಒಳಗೆ ಬರುತ್ತಲೇ ಕುಣಿದ ವಿಡಿಯೊ. ಮುದ್ದಾಗಿತ್ತು, ನಮ್ಮಲ್ಲೂ ಎಲ್ಲರ ವಾಟ್ಸ್‌ಆ್ಯಪ್‌ಗೂ ಬಂತು. ಸ್ವಲ್ಪ ಹೊತ್ತಿನ ಹಿಂದೆ ಅವರು ಎಂಥ ಇಕ್ಕಟ್ಟಿನಲ್ಲಿದ್ದರು ಅಂತ ಗೊತ್ತಿದ್ದರೆ ಆ ಕುಣಿತವನ್ನು ನಾವು ಬೇರೆ ಥರ ನೋಡುತ್ತಿದ್ದೆವು.

ಆಮೇಲೆ ಬಂದ ಪ್ರಶ್ನೆ: ಸೇರಿದ್ದಾಯಿತಲ್ಲ, ಅದೇ ನೌಕೆಯಲ್ಲಿ ಯಾಕೆ ಬರಲಿಲ್ಲ? ಇದನ್ನು ತಿಳಿಯಲು ಒಂದು ಸಂಗತಿ ಗೊತ್ತಿರಬೇಕು. ಭೂಮಿಗೆ ಇಳಿಯುವುದು ಜನ ಕೂತಿರುವ ಕ್ಯಾಪ್ಸೂಲ್ ಮಾತ್ರ. ಸರ್ವೀಸ್ ಮಾಡ್ಯೂಲ್ ದಾರಿಯಲ್ಲೇ ಕಳಚಿಕೊಂಡು ವಾತಾವರಣದಲ್ಲಿ ಸುಟ್ಟುಹೋಗುತ್ತದೆ. ಅಂದರೆ ಕೆಟ್ಟ ಥ್ರಸ್ಟರ್‌ಗಳನ್ನು ನೆಲಕ್ಕೆ ತಂದು ಬಿಚ್ಚಿ ನೋಡುವ ಹಾಗೇ ಇಲ್ಲ. ಪರೀಕ್ಷೆ ಏನಿದ್ದರೂ ನೌಕೆ ಮೇಲೆ ಇರುವಾಗಲೇ ಆಗಬೇಕು. ಅದಕ್ಕೇ ಎಂಟು ದಿನ ಮೊದಲು ವಾರಗಳಾಯಿತು, ಆಮೇಲೆ ತಿಂಗಳಾಯಿತು.

ಜುಲೈನಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಅದೇ ಬಗೆಯ ಥ್ರಸ್ಟರ್ ಇಟ್ಟು, ಬಾಹ್ಯಾಕಾಶದಲ್ಲಿ ಉರಿದ ಹಾಗೇ ಸಾವಿರಾರು ಸಲ ಉರಿಸಿ ನೋಡಿದರು. ಥ್ರಸ್ಟರ್‌ಗಳು ಇರುವುದು ಎಂಜಿನಿಯರುಗಳು ‘ಡಾಗ್‌ಹೌಸ್’ ಎನ್ನುವ ಮುಚ್ಚಿದ ಗೂಡಿನೊಳಗೆ. ಪದೇ ಪದೇ ಉರಿದಾಗ ಬಿಸಿ ಆ ಗೂಡಿನಲ್ಲೇ ಉಳಿಯುತ್ತಿತ್ತು. ವಾಲ್ವಿನೊಳಗಿನ ಒಂದು ಪುಟ್ಟ ಟೆಫ್ಲಾನ್ ಸೀಲು ಆ ಬಿಸಿಗೆ ಉಬ್ಬಿ, ಇಂಧನ ಉರಿಯಲು ಬೇಕಾದ ಆಕ್ಸಿಡೈಜರ್ ಹರಿಯುವ ದಾರಿಗೆ ಅಡ್ಡವಾಗುತ್ತಿತ್ತು. ಕಾರಣ ಸಿಕ್ಕಿತು, ಸರಿ. ಆದರೆ ಮೇಲಿದ್ದ ಥ್ರಸ್ಟರ್‌ಗಳನ್ನು ಉರಿಸಿ ನೋಡಿದರೆ ಬಹುತೇಕ ಎಲ್ಲವೂ ಚೆನ್ನಾಗಿಯೇ ಕೆಲಸ ಮಾಡಿದವು! ತಣ್ಣಗಾದ ಮೇಲೆ ಸೀಲು ಮತ್ತೆ ಮೊದಲಿನ ಹಾಗೆ ಆಗಿದೆಯಾ? ವಾಪಸು ಬರುವಾಗ ಬಿಸಿಯಾದರೆ ಮತ್ತೆ ಉಬ್ಬುತ್ತದಾ? ಖಚಿತವಾಗಿ ಹೇಳುವವರು ಇರಲಿಲ್ಲ. ಬೋಯಿಂಗ್ ತನ್ನ ನೌಕೆ ಸುರಕ್ಷಿತ ಎಂದಿತು. ನಾಸಾ ಒಪ್ಪಲಿಲ್ಲ. ಆಗಸ್ಟ್ 24ರಂದು ನೌಕೆಯನ್ನು ಖಾಲಿಯಾಗಿ ತರುವುದೆಂದು ತೀರ್ಮಾನವಾಯಿತು. ಹಿಂದೆ ನಾಶವಾದ ನಾಸಾ ನೌಕೆಗಳಾದ ಚಾಲೆಂಜರ್ ಮತ್ತು ಕೊಲಂಬಿಯಾದಲ್ಲಿ ಸತ್ತ ಹದಿನಾಲ್ಕು ಜನರ ನೆನಪು ಆ ಸಭೆಯಲ್ಲಿ ಎಲ್ಲರ ಹಿಂದೆಯೂ ಇತ್ತು.

ಸೆಪ್ಟೆಂಬರ್ 7ರಂದು ಖಾಲಿ ಸ್ಟಾರ್‌ಲೈನರ್ ವೈಟ್ ಸ್ಯಾಂಡ್ಸ್‌ನಲ್ಲಿ ಸುಸೂತ್ರವಾಗಿ ಇಳಿಯಿತು. ತಕ್ಷಣ ಮಾತು ಶುರು: ನೋಡಿ, ಏನೂ ಆಗಲಿಲ್ಲ, ಸುಮ್ನೆ ಹೆದರಿದರು. ನನಗೆ ಈ ವಾದ ಯಾವತ್ತೂ ಹಿಡಿಸಿಲ್ಲ. ಹೆಲ್ಮೆಟ್ ಇಲ್ಲದೆ ಮನೆ ಮುಟ್ಟಿದವನು ಹೆಲ್ಮೆಟ್ ಬೇಡವೆಂದು ವಾದಿಸಿದ ಹಾಗೆ ಅದು. ಆಗಸ್ಟ್‌ನಲ್ಲಿ ಇದ್ದ ಮಾಹಿತಿಯಿಂದಲೇ ಆಗಸ್ಟ್‌ನ ತೀರ್ಮಾನವನ್ನು ಅಳೆಯಬೇಕು.

ಇನ್ನೊಂದು ಕಡೆ ಜನರ ಗಮನ ಹೋಗಲೇ ಇಲ್ಲ. ಸ್ಟಾರ್‌ಲೈನರ್ ಸೆಪ್ಟೆಂಬರ್ 6ರಂದು ಹೊರಟಿತು. ಸುನೀತಾ ಮತ್ತು ವಿಲ್ಮೋರ್ ಅವರಿಗೆ ಸೀಟು ಹೊತ್ತು ಸ್ಪೇಸ್‌ಎಕ್ಸ್‌ನ ಹೊಸ ಡ್ರ್ಯಾಗನ್ ನೌಕೆ ಬಂದದ್ದು 29ರಂದು. ನಡುವಿನ ಮೂರು ವಾರ ಅವರಿಗೆ ತಮ್ಮದು ಅಂತ ಒಂದು ಸೀಟೇ ಇರಲಿಲ್ಲ. ನಿಲ್ದಾಣವನ್ನು ಬಿಟ್ಟು ಓಡಬೇಕಾಗಿ ಬಂದಿದ್ದರೆ, ಅಲ್ಲಿದ್ದ ಇನ್ನೊಂದು ಡ್ರ್ಯಾಗನ್ನಿನಲ್ಲಿ ಸಾಮಾನು ಇಡುವ ಜಾಗದಲ್ಲಿ ಫೋಮ್ ಹಾಸಿಕೊಂಡು, ಬೆಲ್ಟ್ ಬಿಗಿದುಕೊಂಡು ಬರುವುದು ಅಂತ ಏರ್ಪಾಡಾಗಿತ್ತು. ನಿಲ್ದಾಣ ಸೇರಿದ ಮೇಲೆ ನಿಜಕ್ಕೂ ಚಿಂತೆ ಮಾಡಬೇಕಾದ ದಿನಗಳು ಅವು.

ಹೊಸ ಡ್ರ್ಯಾಗನ್ನಿಗೆ ನಾಲ್ಕು ಜನ ಹೋಗಬೇಕಿತ್ತು. ಇಬ್ಬರನ್ನು ಕೆಳಗೇ ಉಳಿಸಿ, ನಿಕ್ ಹೇಗ್ ಮತ್ತು ಅಲೆಕ್ಸಾಂಡರ್ ಗೋರ್ಬುನೋವ್ ಅವರನ್ನು ಎರಡು ಖಾಲಿ ಸೀಟಿನ ಜತೆ ಕಳಿಸಿದರು. ಆ ಎರಡು ಸೀಟು ಸುನೀತಾ ಮತ್ತು ವಿಲ್ಮೋರ್ ಅವರಿಗೆ. ಅಂದರೆ 2024ರ ಸೆಪ್ಟೆಂಬರ್ ಕೊನೆಯಿಂದಲೇ ಅವರ ವಾಪಸಿನ ಗಾಡಿ ನಿಲ್ದಾಣದ ಬಾಗಿಲಲ್ಲಿ ನಿಂತಿತ್ತು. ‘ಇಬ್ಬರನ್ನು ಮೇಲೆ ಬಿಟ್ಟುಬಿಟ್ಟರು’ ಅನ್ನುವ ಮಾತು ಅದಾದ ಮೇಲೂ ಆರು ತಿಂಗಳು ಓಡಿತು.

ಹಾಗಾದರೆ ಅಕ್ಟೋಬರ್‌ನಲ್ಲೇ ಹೊರಡಬಹುದಿತ್ತಲ್ಲ? ಆಗುತ್ತಿತ್ತು. ಆದರೆ ಹೇಗ್, ಗೋರ್ಬುನೋವ್ ಸೇರಿ ನಾಲ್ವರೂ ಆ ಡ್ರ್ಯಾಗನ್ನಿನಲ್ಲಿ ಬಂದುಬಿಟ್ಟಿದ್ದರೆ ಅಷ್ಟು ದೊಡ್ಡ ನಿಲ್ದಾಣದಲ್ಲಿ ಅಮೆರಿಕದ ಕಡೆಯಿಂದ ಡಾನ್ ಪೆಟಿಟ್ ಒಬ್ಬರೇ ಉಳಿಯುತ್ತಿದ್ದರು, ಜತೆಗೆ ಇಬ್ಬರು ರಷ್ಯನ್ನರು. ಅಷ್ಟು ಕಡಿಮೆ ಜನರಿಂದ ದುರಸ್ತಿ, ಪ್ರಯೋಗ, ಬಾಹ್ಯಾಕಾಶ ನಡಿಗೆ ಎಲ್ಲ ಸಾಗುವುದು ಕಷ್ಟ. ಅದಕ್ಕೆ ಇಬ್ಬರನ್ನೂ ನಿಲ್ದಾಣದ ಮಾಮೂಲಿ ತಂಡಕ್ಕೆ ಸೇರಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಸುನೀತಾ ನಿಲ್ದಾಣದ ಕಮಾಂಡರ್ ಆದರು. ಜನವರಿಯಲ್ಲಿ ಎರಡು ಸಲ ಹೊರಗೆ ನಡೆದು, ಒಟ್ಟು 62 ಗಂಟೆ 6 ನಿಮಿಷದ ನಡಿಗೆಯೊಂದಿಗೆ ಮಹಿಳೆಯರಲ್ಲಿ ದಾಖಲೆ ಮಾಡಿದರು.

ಈ ಮಧ್ಯೆ ನವೆಂಬರ್‌ನಲ್ಲಿ ಇನ್ನೊಂದು ಫೋಟೊ ಗಲಾಟೆ ಎಬ್ಬಿಸಿತು. ಅದರಲ್ಲಿ ಸುನೀತಾ ಕೆನ್ನೆ ಬತ್ತಿದ ಹಾಗೆ ಕಾಣುತ್ತಿದ್ದರು. ಸೊರಗಿಹೋಗಿದ್ದಾರೆ, ಊಟ ಸಾಲುತ್ತಿಲ್ಲ ಅಂತ ಸುದ್ದಿ ಹಬ್ಬಿತು. ಟಿವಿಯಲ್ಲಿ ಹಳೆಯ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದರು. ಹೋದಾಗ ಇದ್ದಷ್ಟೇ ತೂಕ ಇದ್ದೇನೆ ಎಂದು ಸುನೀತಾ ಅವರೇ ಹೇಳಬೇಕಾಯಿತು. ತೂಕವಿಲ್ಲದ ಜಾಗದಲ್ಲಿ ದೇಹದ ನೀರಿನಂಶ ಕಾಲಿನಿಂದ ಮೇಲಕ್ಕೆ ಸರಿಯುತ್ತದೆ. ಮೊದಮೊದಲು ಮುಖ ಊದಿಕೊಂಡು ಕಾಲು ಸಣ್ಣಗಾಗುತ್ತದೆ, ಆಮೇಲೆ ದೇಹ ತನ್ನದೇ ರೀತಿಯಲ್ಲಿ ಹೊಂದಿಕೊಳ್ಳುತ್ತದೆ. ಮುಖ ನೋಡಿ ಆರೋಗ್ಯ ಹೇಳುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಹಾಗಂತ ದೇಹಕ್ಕೆ ಏನೂ ಆಗುವುದಿಲ್ಲ ಅಂತ ಅಲ್ಲ. ಸೊಂಟ, ತೊಡೆಯಂಥ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳಬಹುದು. ಸ್ನಾಯು ಕರಗುತ್ತದೆ, ಕಣ್ಣಿನ ಮೇಲೆ ಪರಿಣಾಮ ಆಗಬಹುದು, ವಿಕಿರಣವೂ ಜಾಸ್ತಿ. ಅದಕ್ಕೇ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಕಡ್ಡಾಯ. ವಾಪಸಾದ ದಿನ ಇಬ್ಬರನ್ನೂ ಸ್ಟ್ರೆಚರಿನಲ್ಲಿ ಕರೆದೊಯ್ದದ್ದನ್ನು ನೋಡಿ ನಮ್ಮಲ್ಲಿ ಎಷ್ಟೋ ಜನ ಗಾಬರಿಯಾದರು. ತಿಂಗಳುಗಟ್ಟಲೆ ಮೇಲಿದ್ದು ಬಂದ ಎಲ್ಲರಿಗೂ ಅದೇ ಕ್ರಮ. ಒಳಕಿವಿ ಸಮತೋಲನ ಮರೆತಿರುತ್ತದೆ, ಎದ್ದು ನಡೆದರೆ ಬೀಳುತ್ತಾರೆ, ಅಷ್ಟೇ.

ರಾಜಕೀಯ ಸೇರಿಕೊಂಡದ್ದು 2025ರ ಜನವರಿಯಲ್ಲಿ. ಹಿಂದಿನ ಸರ್ಕಾರ ಇಬ್ಬರನ್ನೂ ಕೈಬಿಟ್ಟಿದೆ, ಕರೆತರಲು ಇಲಾನ್ ಮಸ್ಕ್‌ಗೆ ಹೇಳಿದ್ದೇನೆ ಎಂದು ಟ್ರಂಪ್ ಬರೆದರು. ತಾನು ಮೊದಲೇ ಕರೆತರುತ್ತೇನೆ ಎಂದಿದ್ದೆ, ರಾಜಕೀಯ ಕಾರಣಕ್ಕೆ ಬೇಡವೆಂದರು ಎಂದು ಮಸ್ಕ್ ಹೇಳಿದರು. ಅಂಥ ಪ್ರಸ್ತಾಪ ತನ್ನ ಗಮನಕ್ಕೆ ಬಂದೇ ಇಲ್ಲ ಎಂದು ಆಗಿನ ನಾಸಾ ಮುಖ್ಯಸ್ಥ ಬಿಲ್ ನೆಲ್ಸನ್ ಹೇಳಿದರು. ನಿಲ್ದಾಣದ ಕಮಾಂಡರ್ ಆಗಿದ್ದ ಡೆನ್ಮಾರ್ಕಿನ ಆಂಡ್ರಿಯಾಸ್ ಮೊಗೆನ್ಸನ್ ಅದು ಸುಳ್ಳು ಎಂದು ನೇರವಾಗಿಯೇ ಬರೆದರು, ಅದಕ್ಕೆ ಮಸ್ಕ್ ಮೊಗೆನ್ಸನ್ ಅವರನ್ನೇ ಬಯ್ದರು. ಈ ಜಗಳದಲ್ಲಿ ಒಂದು ಸಣ್ಣ ವಿಷಯ ಮುಚ್ಚಿಹೋಯಿತು. ಮೊದಲಿನ ಯೋಜನೆಯಲ್ಲಿ ವಾಪಸಾತಿ ಫೆಬ್ರವರಿಗೆ ಇತ್ತು. ಮುಂದಿನ ತಂಡ ಬಂದ ಮೇಲೆಯೇ ಇವರು ಹೊರಡಬೇಕಿತ್ತು. ಅದು ಮಾರ್ಚ್‌ಗೆ ಹೋದದ್ದು ಆ ತಂಡಕ್ಕೆ ಬೇಕಿದ್ದ ಸ್ಪೇಸ್‌ಎಕ್ಸ್‌ನ ಹೊಸ ಕ್ಯಾಪ್ಸೂಲ್ ಸಿದ್ಧವಾಗಿರಲಿಲ್ಲ ಅಂತ! ಕೊನೆಗೆ ಹಳೆಯ ಕ್ಯಾಪ್ಸೂಲನ್ನೇ ಮುಂದಿನ ತಂಡಕ್ಕೆ ಕೊಟ್ಟು ದಿನಾಂಕವನ್ನು ಸ್ವಲ್ಪ ಹಿಂದಕ್ಕೆ ತಂದರು.

ಇಷ್ಟೆಲ್ಲ ನಡೆಯುವಾಗ ಮೇಲಿದ್ದವರು ಏನನ್ನುತ್ತಿದ್ದರು? ನಾವು ಸಿಕ್ಕಿಬಿದ್ದಿಲ್ಲ, ನಮ್ಮನ್ನು ಯಾರೂ ಕೈಬಿಟ್ಟಿಲ್ಲ, ಇಂಥದ್ದಕ್ಕೆಲ್ಲ ಸಿದ್ಧರಾಗಿಯೇ ಬಂದಿದ್ದೇವೆ ಎಂದು ವಿಲ್ಮೋರ್ ಫೆಬ್ರವರಿಯ ಸಂದರ್ಶನದಲ್ಲಿ ಹೇಳಿದರು. ಇದನ್ನು ಪೂರ್ತಿ ಹಾಗೇ ನುಂಗಬೇಕಿಲ್ಲ. ನೌಕರಿಯಲ್ಲಿರುವವರು ಸಂಸ್ಥೆಯ ಬಗ್ಗೆ ಎಚ್ಚರದಿಂದಲೇ ಮಾತಾಡುತ್ತಾರೆ. ಮನೆಯವರಿಗೆ ಕಷ್ಟವಾಗಿದೆ ಎಂದು ಅವರೂ ಒಪ್ಪಿದ್ದರು. ಆದರೆ ಭೂಮಿಗೆ ಬಂದ ಮೇಲೆ, ತಪ್ಪು ಯಾರದು ಎಂದು ಕೇಳಿದಾಗ ವಿಲ್ಮೋರ್ ಮೊದಲು ತನ್ನ ಕಡೆಗೇ ಬೆರಳು ಮಾಡಿದರು. ಸ್ಟಾರ್‌ಲೈನರ್‌ನ ಕಮಾಂಡರ್ ಆಗಿ ನಾನು ಕೇಳಬೇಕಿದ್ದ ಕೆಲವು ಪ್ರಶ್ನೆಗಳನ್ನು ಕೇಳಲಿಲ್ಲ ಎಂದರು. ನಾಸಾ, ಬೋಯಿಂಗ್ ಆಮೇಲೆ. ಅವಕಾಶ ಸಿಕ್ಕರೆ ಸ್ಟಾರ್‌ಲೈನರ್‌ನಲ್ಲೇ ಮತ್ತೆ ಹೋಗುತ್ತೇವೆ ಎಂದು ಇಬ್ಬರೂ ಹೇಳಿದರು.

ಹಣದ ಪ್ರಶ್ನೆಯೂ ಬಂತು. ಒಂಬತ್ತು ತಿಂಗಳಿಗೆ ಓವರ್‌ಟೈಮ್ ಎಷ್ಟು? ಸೊನ್ನೆ. ಅವರು ಆಗ ಸರ್ಕಾರಿ ನೌಕರರು, ಮಾಮೂಲಿ ಸಂಬಳ. ಪ್ರವಾಸದ ಸಣ್ಣ ಖರ್ಚಿಗೆ ದಿನಕ್ಕೆ 5 ಡಾಲರ್ ಭತ್ಯೆ, 286 ದಿನಕ್ಕೆ 1,430 ಡಾಲರ್. ಬೇಕಾದರೆ ನನ್ನ ಜೇಬಿನಿಂದಲೇ ಕೊಡುತ್ತೇನೆ ಎಂದು ಟ್ರಂಪ್ ಹೇಳಿದ್ದು ಈ ಲೆಕ್ಕ ಕೇಳಿಯೇ.

ಇಷ್ಟು ಗದ್ದಲ ಯಾಕಾಯಿತು ಅನ್ನುವುದಕ್ಕೆ ಫ್ರಾಂಕ್ ರುಬಿಯೊ ಅವರ ಕಥೆ ಒಳ್ಳೆಯ ಅಳತೆಗೋಲು. ಅವರು 2022ರ ಸೆಪ್ಟೆಂಬರ್‌ನಲ್ಲಿ ಆರು ತಿಂಗಳಿಗೆ ಅಂತ ಹೋದರು. ಡಿಸೆಂಬರ್‌ನಲ್ಲಿ ಅವರ ಸೋಯುಜ್ ನೌಕೆಯ ಶೀತಕ ಸೋರಿಹೋಯಿತು. ಇನ್ನೊಂದು ಸೋಯುಜ್ ಬಂದು, ತಂಡದ ಸರದಿ ಬದಲಾಗಿ, ಅವರು ಇಳಿದಾಗ 371 ದಿನ ಆಗಿತ್ತು. ಒಂದು ವರ್ಷ ಅಂತ ಮೊದಲೇ ಕೇಳಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ ಎಂದು ಅವರೇ ಹೇಳಿದ್ದಾರೆ. ಸುನೀತಾ ಅವರಿಗಿಂತ 85 ದಿನ ಜಾಸ್ತಿ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಅವರ ಬಗ್ಗೆ ಜನ ಹೆಚ್ಚು ಮಾತಾಡಿದ್ದು ಕಳೆದುಹೋದ ಟೊಮೆಟೊ ವಿಷಯಕ್ಕೆ. ಮೇಲೆ ಬೆಳೆದ ಟೊಮೆಟೊದಲ್ಲಿ ಅವರ ಪಾಲಿನದ್ದು ಎಲ್ಲೋ ತೇಲಿಹೋಯಿತು, ಇವರೇ ತಿಂದುಬಿಟ್ಟಿದ್ದಾರೆ ಅಂತ ಜತೆಯವರು ರೇಗಿಸಿದರು. ಅವರು ಭೂಮಿಗೆ ಬಂದ ಮೇಲೆ ಅದು ಒಣಗಿದ ಸ್ಥಿತಿಯಲ್ಲಿ ಸಿಕ್ಕಿತು. ರುಬಿಯೊ ಸಮಯದಲ್ಲಿ ಎರಡು ಕಂಪನಿಗಳ ಪೈಪೋಟಿ ಇರಲಿಲ್ಲ, ಅಧ್ಯಕ್ಷರ ಚುನಾವಣೆ ಇರಲಿಲ್ಲ, ‘ಎಂಟು ದಿನ’ ಅನ್ನುವ ಚಿಕ್ಕ ಸಂಖ್ಯೆಯೂ ಇರಲಿಲ್ಲ. ಆರು ತಿಂಗಳು ಹನ್ನೆರಡಾದರೆ ಸುದ್ದಿಯಲ್ಲ. ಎಂಟು ದಿನ ಒಂಬತ್ತು ತಿಂಗಳಾದರೆ ಸುದ್ದಿ.

ಸೆರ್ಗೆಯ್ ಕ್ರಿಕಲೆವ್ ಅವರದು ಇನ್ನೂ ವಿಚಿತ್ರ. 1991ರ ಮೇನಲ್ಲಿ ಸೋವಿಯತ್ ಒಕ್ಕೂಟದಿಂದ ಮಿರ್ ನಿಲ್ದಾಣಕ್ಕೆ ಹೋದರು. ಅವರ ಜಾಗಕ್ಕೆ ಹೋಗಬೇಕಾದವರ ಸೀಟು ಕಜಾಕ್‌ಸ್ತಾನದ ಯಾತ್ರಿಯೊಬ್ಬರಿಗೆ ಹೋಯಿತು, ಇವರು ಮೇಲೇ ಉಳಿದರು. 1992ರ ಮಾರ್ಚ್‌ನಲ್ಲಿ ಇಳಿದಾಗ ಕಳಿಸಿದ ದೇಶವೇ ಇರಲಿಲ್ಲ.

ಭಾರತದ ಪ್ರತಿಕ್ರಿಯೆಗೆ ಬೇರೆಯದೇ ಬೇರು. ಸುನೀತಾ ಅವರ ತಂದೆ ದೀಪಕ್ ಪಾಂಡ್ಯ ಅವರ ಊರು ಗುಜರಾತಿನ ಮೆಹಸಾಣಾ ಜಿಲ್ಲೆಯ ಝುಲಾಸಣ. ಅಲ್ಲಿನ ದೇವಸ್ಥಾನದಲ್ಲಿ ಅಖಂಡ ದೀಪ ಉರಿಯುತ್ತಿತ್ತು. 2025ರ ಮಾರ್ಚ್ 19ರ ಬೆಳಗಿನ ಜಾವ 3.27ಕ್ಕೆ ಡ್ರ್ಯಾಗನ್ ಫ್ಲಾರಿಡಾದ ಕಡಲಿಗೆ ಇಳಿದಾಗ ಊರಿಗೆ ಊರೇ ಎದ್ದು ಕೂತಿತ್ತು. ಇದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2003ರ ಫೆಬ್ರವರಿ 1ರ ಶನಿವಾರ ಸಂಜೆ, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಇಳಿಯಲು ಸ್ವಲ್ಪ ಹೊತ್ತಿರುವಾಗ ಚೂರಾಯಿತು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದ ತಲೆಮಾರು ನಮ್ಮದು. ಇಸ್ರೊ ತನ್ನ ಹವಾಮಾನ ಉಪಗ್ರಹಕ್ಕೆ ಕಲ್ಪನಾ ಅಂತ ಹೆಸರಿಟ್ಟಿತು. ಹಾಗಾಗಿ ಭಾರತದವರು ವಾಪಸಾಗುವ ಗಂಟೆಗಳಿಗೇ ಹೆದರಿದರು. ಅಪಾಯ ಎಲ್ಲಿದೆ ಅನ್ನುವುದನ್ನು ಸ್ಟುಡಿಯೊದಲ್ಲಿ ಕೂತ ಎಷ್ಟೋ ಜನರಿಗಿಂತ ಝುಲಾಸಣದ ಅಜ್ಜಿಯರು ಸರಿಯಾಗಿ ಹಿಡಿದಿದ್ದರು.

ಆಮೇಲೆ ನಮ್ಮ ಶುಭಾಂಶು ಶುಕ್ಲಾ ಅವರೂ 2025ರ ಜೂನ್‌ನಲ್ಲಿ ಅದೇ ನಿಲ್ದಾಣಕ್ಕೆ ಹೋದರು. 14 ದಿನ ಅಂತ ಇದ್ದದ್ದು 18 ಆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಕಳಿಸಿದ್ದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆ ಒಡೆದವು. ನಾಲ್ಕು ದಿನ ಜಾಸ್ತಿಯಾದದ್ದಕ್ಕೆ ಯಾರೂ ಗಲಾಟೆ ಮಾಡಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಚೀನಾದ ಬಾಹ್ಯಾಕಾಶ ನಿಲ್ದಾಣದಲ್ಲಿ ಮತ್ತೆ ಇಂಥದ್ದೇ ಆಯಿತು. ಶೆಂಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು, ಬಾಹ್ಯಾಕಾಶದ ಕಸ ಬಡಿದಿರಬೇಕು ಅಂತ ಅನುಮಾನ. ಮೂವರ ವಾಪಸಾತಿ 9 ದಿನ ತಡವಾಯಿತು, ಸುದ್ದಿಯೆಲ್ಲ ಅದರದ್ದೇ. ಆದರೆ ಅವರು ಬಂದದ್ದು ಮುಂದಿನ ತಂಡದ ನೌಕೆಯಲ್ಲಿ. ಅಂದರೆ ನವೆಂಬರ್ 14ರಿಂದ, ಖಾಲಿ ಶೆಂಝೌ-22 ಹೋಗಿ ಸೇರಿದ 25ರವರೆಗೆ, ಮೇಲೆ ಉಳಿದ ಮೂವರಿಗೆ ನಂಬಬಹುದಾದ ನೌಕೆಯೇ ಇರಲಿಲ್ಲ. ಅದು ಎಷ್ಟು ಕಡೆ ತಲೆಬರಹವಾಯಿತು?

ಇನ್ನು ನಮ್ಮದೇ ನೌಕೆಯಲ್ಲಿ ಮನುಷ್ಯರನ್ನು ಕಳಿಸುವ ಇಸ್ರೊ ಯೋಜನೆ ಗಗನಯಾನ. ಅದರ ಮುಂದಾಳತ್ವ ಬೆಂಗಳೂರಿನಲ್ಲಿರುವ ಇಸ್ರೊ ಕೇಂದ್ರದ್ದು, ಯಾತ್ರಿಗಳ ತರಬೇತಿ ಕೇಂದ್ರವೂ ಇಲ್ಲೇ ಇದೆ. ಯೋಜನೆಯ ಪ್ರಕಾರ 400 ಕಿ.ಮೀ. ಎತ್ತರದಲ್ಲಿ ಮೂವರು, ಮೂರು ದಿನ. ಅದು ಯಾವ ನಿಲ್ದಾಣಕ್ಕೂ ಹೋಗುವುದಿಲ್ಲ. ಸ್ಟಾರ್‌ಲೈನರ್‌ನ ಇಬ್ಬರಿಗೆ ಕಾಯಲು ಒಂದು ಮನೆ ಇತ್ತು, ಊಟ ಇತ್ತು, ಬೇರೆ ನೌಕೆ ಬರುವವರೆಗೆ ಸಮಯ ಇತ್ತು. ಗಗನಯಾನದಲ್ಲಿ ಥ್ರಸ್ಟರ್ ಕೈಕೊಟ್ಟರೆ ಎಂಟು ದಿನ ಒಂಬತ್ತು ತಿಂಗಳಾಗುವ ಅವಕಾಶವೇ ಇಲ್ಲ, ಅದೇ ನೌಕೆಯಲ್ಲಿ ಇಳಿಯಲೇಬೇಕು. ಅದಕ್ಕೇ ಮೊದಲು ಮನುಷ್ಯರಿಲ್ಲದ ಹಾರಾಟ, ಅದರಲ್ಲಿ ವ್ಯೋಮಮಿತ್ರ ಅನ್ನುವ ರೋಬೊ. ಆ ಹಾರಾಟ ಮುಂದಕ್ಕೆ ಹೋದಾಗಲೆಲ್ಲ ‘ಇನ್ನೂ ಯಾವಾಗ?’ ಅಂತ ನಾವು ಗೊಣಗುತ್ತೇವೆ. ಸ್ಟಾರ್‌ಲೈನರ್‌ನ ಟೆಫ್ಲಾನ್ ಸೀಲು ಉಬ್ಬುವುದು ಗೊತ್ತಾಗಿದ್ದು ಜನ ಮೇಲೆ ಹೋದ ಮೇಲೆ.